ಮರಿ ಕಾಯುವ ಮೀನುಗಳು

ಮೀನಿನ ವಿಷಯದಲ್ಲಿ ನಮ್ಮ ಜನರಿಗಿರುವ ತಿಳಿವಳಿಕೆಯು ಬಹುಮಟ್ಟಿಗೆ ಅಡಿಗೆಯ ಮನೆಯ ಹೊಸ್ತಿಲಿನಲ್ಲಿಯೇ ನಿಂತುಬಿಡುವುದು. ತಿನ್ನುವವರು ಅದರ ರುಚಿಯನ್ನು ಬಲ್ಲರು. ತಿನ್ನದವರು ಅದರ ವಾಸನೆಯನ್ನು ಮಾತ್ರ ಬಲ್ಲರು. ನೀರಿನಲ್ಲಿದ್ದಾಗ ಅದು ಹೇಗೆ ಬಾಳುವುದು, ತನ್ನ ಸಂತಾನವನ್ನು ಹೇಗೆ ಬೆಳೆಸುವುದು ಎಂಬುದನ್ನು ವಿಚಾರಿಸುವವರು ಎರಡು ಪಕ್ಷಗಳಲ್ಲಿಯೂ ವಿರಳ. ನಾವು ಎರಡನೆಯ ಪಕ್ಷಕ್ಕೆ ಸೇರಿದವರು. ಆದರೂ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ಸೀಮೆಗಳಲ್ಲಿ ಉಪಾಧ್ಯಾಯ ವೃತ್ತಿಯನ್ನು ನಡೆಯಿಸಿ, ಅನೇಕ ಸಂಜೆಗಳನ್ನು ಕೆರೆಯ ಏರಿಗಳ ಮೇಲೆಯೇ ಕಳೆದವರಾದುದರಿಂದ, ಮೀನನ್ನು ನಾಲಗೆಯಿಂದಲ್ಲವಾದರೂ ಕಣ್ಣಿನಿಂದ ಸ್ವಲ್ಪ ಮಟ್ಟಿಗೆ ಬಲ್ಲೆವು.

ಈ ಸೀಮೆಯು ಜಲಸಮೃದ್ಧವಾದುದು. ಕಾವೇರಿಯು ಕೊಡಗನ್ನು ಬಿಟ್ಟು ಪಿರಿಯಾಪಟ್ಟಣದ ಗಡಿಯನ್ನು ಮುಟ್ಟಿ, ಮುಂದೆ ಚುಂಚನಕಟ್ಟೆಯಲ್ಲಿ ಧುಮುಕಿ, ಯಡತೊರೆಯ ಅರ್ಕೇಶ್ವರನ ಸನ್ನಿಧಿಯನ್ನು ಹಾದು ಕೃಷ್ಣರಾಜಸಾಗರವನ್ನು ಸೇರುವಳು. ಬ್ರಹ್ಮಗಿರಿಯಲ್ಲಿ ಹುಟ್ಟಿದ ಲಕ್ಷ್ಮಣತೀರ್ಥವು ಹನಗೋಡಿನ ಕಟ್ಟೆಯನ್ನು ದಾಟಿ, ಹುಣಸೂರಿನ ಮಗ್ಗುಲಲ್ಲಿ ಹರಿದು, ಅದೇ ಸಾಗರದಲ್ಲಿ ಲೀನವಾಗುವುದು. ತೆಂಕಣದಲ್ಲಿ ವೈನಾಡಿನಿಂದ ಇಳಿದು ಬರುವ ಕಪಿಲೆಗೆ ಬೀಚನಹಳ್ಳಿಯ ಬಳಿ 1974ರಲ್ಲಿ ಅಣೆಕಟ್ಟು ಪೂರ್ಣವಾಯಿತು. ನುಗು ತಾರಕಗಳೆಂಬ ಉಪನದಿಗಳಿಗೂ ಕಟ್ಟೆಗಳುಂಟು. ಇವಲ್ಲದೆ ಊರೂರಿಗೂ ಕೆರೆ, ಕೆರೆಯ ಹಿಂದೆ ಕಟ್ಟೆ, ಕಟ್ಟೆಯ ಕೆಳಗೆ ಗದ್ದೆ. ಇಷ್ಟು ನೀರಿರುವಲ್ಲಿ ಮತ್ಸ್ಯಕುಲವು ಬಗೆಬಗೆಯಾಗಿರುವುದು ಆಶ್ಚರ್ಯವಲ್ಲ. ಅವುಗಳಲ್ಲಿ ಗೂಡು ಮಾಡಿ, ಮೊಟ್ಟೆ ಕಾಯ್ದು, ಮರಿಗಳನ್ನು ಸಾಕುವ ಕೆಲವು ಜಾತಿಗಳ ವಿಚಾರವನ್ನು ಮಾತ್ರ ಇಲ್ಲಿ ಗೃಹಸ್ಥರಾದ ವಾಚಕರ ಮುಂದಿಡುವೆವು.

ಸಂತಾನರಕ್ಷಣೆಯ ಎರಡು ಮಾರ್ಗಗಳು

ಶತಪಥಬ್ರಾಹ್ಮಣದಲ್ಲಿ ಮನುವಿನ ಬೊಗಸೆಗೆ ಬಂದ ಮರಿಮೀನಿನ ಕಥೆಯನ್ನು ಎಲ್ಲರೂ ಕೇಳಿರಬಹುದು. ತಾವು ಚಿಕ್ಕವರಾಗಿರುವವರೆಗೆ ಮೀನೇ ಮೀನನ್ನು ನುಂಗುವುದೆಂದೂ, ಆದಕಾರಣ ತನ್ನನ್ನು ಕಾಪಾಡಬೇಕೆಂದೂ ಅದು ಮನುವನ್ನು ಬೇಡಿಕೊಂಡಿತು. ಆತನು ಅದನ್ನು ಮೊದಲು ಗಡಿಗೆಯಲ್ಲಿಯೂ, ಬಳಿಕ ಗುಂಡಿಯಲ್ಲಿಯೂ ಸಾಕಿ, ದೊಡ್ಡದಾದ ಮೇಲೆ ಸಮುದ್ರಕ್ಕೆ ಬಿಟ್ಟನು. ಕಥೆಯ ತಾತ್ಪರ್ಯವೇನಾದರೂ ಇರಲಿ, ಅದರಲ್ಲಿ ಜೀವಶಾಸ್ತ್ರದ ಒಂದು ಸತ್ಯವಡಗಿದೆ. ಮೀನಿನ ಆಯುಸ್ಸಿನಲ್ಲಿ ಅತ್ಯಂತ ಅಪಾಯದ ಕಾಲವೆಂದರೆ ಮೊಟ್ಟೆಯಿಂದ ಹೊರಬಿದ್ದ ಮೊದಲ ಕೆಲವು ವಾರಗಳೇ.

ಈ ಅಪಾಯವನ್ನು ದಾಟುವುದಕ್ಕೆ ಪ್ರಕೃತಿಯು ಎರಡು ಮಾರ್ಗಗಳನ್ನು ಕಲ್ಪಿಸಿದೆ. ಒಂದನೆಯದು, ಲಕ್ಷಗಟ್ಟಲೆ ಮೊಟ್ಟೆಯಿಟ್ಟು ಮುಂದಿನದನ್ನು ದೈವಕ್ಕೆ ಬಿಡುವುದು. ನಮ್ಮ ಗೆಂಡೆಗಳೂ, ಉತ್ತರದೇಶದ ಕಾಟ್ಲ, ರೋಹು, ಮೃಗಾಲ್ ಮೀನುಗಳೂ ಈ ಮಾರ್ಗದವು. ಕಾಟ್ಲ ರೋಹುಗಳು ಹೊಸನೀರಿನ ಪ್ರವಾಹದಲ್ಲಲ್ಲದೆ ನಿಂತ ಕೆರೆಯಲ್ಲಿ ಮೊಟ್ಟೆಯಿಡುವುದಿಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿಯವರು ಗ್ರಂಥಿರಸವನ್ನು ಚುಚ್ಚಿ ಇಂತಹ ಗೆಂಡೆಗಳಿಂದ ಮೊಟ್ಟೆಯಿಡಿಸುವ ಉಪಾಯವನ್ನು ಸಾಧಿಸಿದ ತರುವಾಯವೇ ಅವುಗಳ ಮರಿಗಳು ನಮ್ಮ ಕೆರೆಗಳಿಗೆ ಧಾರಾಳವಾಗಿ ದೊರೆಯುವಂತಾಯಿತು. ಎರಡನೆಯ ಮಾರ್ಗವು, ಕಡಿಮೆ ಮೊಟ್ಟೆಗಳನ್ನಿಟ್ಟು ಅವುಗಳನ್ನು ತಾನೇ ಕಾಯುವುದು. ಇದು ಸಂಸಾರಿಗಳ ಮಾರ್ಗ. ಇದನ್ನು ಅನುಸರಿಸುವ ಮೀನುಗಳು ನಮ್ಮಲ್ಲಿಯೂ ಉಂಟು, ಹೊರದೇಶಗಳಲ್ಲಿಯೂ ಉಂಟು.

ಅಮೆರಿಕದ ಸೂರ್ಯಮೀನು

ಈ ಮಾರ್ಗಕ್ಕೆ ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲಿ ಪ್ರಸಿದ್ಧವಾದ ದೃಷ್ಟಾಂತವೆಂದರೆ ಉತ್ತರ ಅಮೆರಿಕದ ಸಿಹಿನೀರಿನ ಸೂರ್ಯಮೀನುಗಳು. ಸನ್‌ಫಿಷ್ ಎಂದು ಕರೆಯಿಸಿಕೊಳ್ಳುವ ಇವು ಸುಮಾರು 38 ಜಾತಿಗಳ ಒಂದು ಕುಟುಂಬ. ದೇಹವು ಪಕ್ಕಗಳಿಂದ ಒತ್ತಿದಂತೆ ಚಪ್ಪಟೆ. ಬೆನ್ನಿನ ಈಜುರೆಕ್ಕೆಯ ಮುಂಭಾಗದಲ್ಲಿ ಚೂಪಾದ ಮುಳ್ಳುಗಳು. ಅನೇಕ ಜಾತಿಗಳ ಎದೆಯ ಭಾಗದಲ್ಲಿ ಹೊಂಬಣ್ಣ ಅಥವಾ ಕಿತ್ತಿಳೆಯ ಬಣ್ಣ. ಸಮುದ್ರದಲ್ಲಿ ಬೀಸುವ ಕಲ್ಲಿನಂತೆ ತೇಲುವ, ಹಲವು ಮಣ ತೂಗುವ ಮತ್ತೊಂದು ಮೀನಿಗೂ ಇಂಗ್ಲಿಷಿನಲ್ಲಿ ಇದೇ ಹೆಸರು. ಆದರೆ ಅದಕ್ಕೂ ಇದಕ್ಕೂ ಯಾವ ನೆಂಟತನವೂ ಇಲ್ಲ. ರೂಢಿಯ ಹೆಸರನ್ನೇ ನಂಬಿದರೆ ಹೀಗೆ ಮೋಸಹೋಗುವ ಸಂಭವವಿರುವುದರಿಂದಲೇ ಶಾಸ್ತ್ರಜ್ಞರು ಲ್ಯಾಟಿನ್ ನಾಮಗಳನ್ನು ಆಶ್ರಯಿಸುವರು. ಇವುಗಳ ಮುಖ್ಯ ಗಣದ ಹೆಸರು ಲೆಪೋಮಿಸ್. ಗ್ರೀಕ್ ಭಾಷೆಯಲ್ಲಿ ಹುರುಪೆ, ಮುಚ್ಚಳ ಎಂಬರ್ಥದ ಎರಡು ಪದಗಳ ಸಮಾಸವಿದು. ಸಂಸ್ಕೃತದಲ್ಲಿ ‘ಶಲ್ಕಪಿಧಾನ’ ಎನ್ನಬಹುದು. ಕಿವಿರಿನ ಮುಚ್ಚಳದ ಮೇಲೆಯೂ ಹುರುಪೆಗಳಿರುವುದರಿಂದ ಈ ಹೆಸರು.

ವಸಂತದ ಕೊನೆಯಲ್ಲಿ ನೀರು ಬೆಚ್ಚಗಾಗುತ್ತಲೇ ಗಂಡುಮೀನು ದಡದ ಹತ್ತಿರ ತಿಳಿನೀರಿಗೆ ಬಂದು, ಬಾಲವನ್ನು ಬೀಸಿ ತಳದ ಕೆಸರನ್ನು ಗುಡಿಸಿ, ತಟ್ಟೆಯಂತಹ ಒಂದು ಗುಳಿಯನ್ನು ಮಾಡುವುದು. ಹೆಣ್ಣು ಬಂದು ಅಲ್ಲಿ ಮೊಟ್ಟೆಯಿಟ್ಟು ಹೊರಟುಹೋಗುವುದು. ಆಮೇಲಿನ ಭಾರವೆಲ್ಲವೂ ತಂದೆಯದೇ. ಅದು ಈಜುರೆಕ್ಕೆಗಳಿಂದ ಬೀಸಣಿಗೆಯಂತೆ ಗಾಳಿ ಹಾಕಿ ಮೊಟ್ಟೆಗಳಿಗೆ ಹೊಸ ನೀರನ್ನು ಒದಗಿಸುವುದು. ಕಳ್ಳರು ಬಂದರೆ ಅಟ್ಟಿಬಿಡುವುದು. ಈ ಕುಟುಂಬದಲ್ಲಿ ನೀಲಿಕಿವಿರಿನ ಜಾತಿಯವು ನೂರಾರು ಗುಳಿಗಳನ್ನು ಒತ್ತೊತ್ತಾಗಿ ತೋಡಿ ಒಂದು ಕೇರಿಯನ್ನೇ ಕಟ್ಟುವುವು. ಕೇರಿಯೆಂದ ಮೇಲೆ ವಂಚಕರಿಲ್ಲದಿರುವರೇ? ಗುಳಿ ತೋಡುವ ಶ್ರಮವನ್ನು ಒಲ್ಲದ ಕೆಲವು ಸಣ್ಣ ಗಂಡುಗಳು ಹೆಣ್ಣಿನ ಬಣ್ಣವನ್ನೂ ನಡೆಯನ್ನೂ ಅನುಕರಿಸಿ ಒಳನುಗ್ಗಿ, ತಮ್ಮ ಸಂತಾನದ ಪೋಷಣೆಯನ್ನು ಪರರ ತಲೆಗೆ ಕಟ್ಟಿ ಹೋಗುವುವು. ನಮ್ಮ ಕೋಗಿಲೆಯು ಕಾಗೆಗೆ ಮಾಡುವ ಉಪಾಯವು ಅಲ್ಲಿ ನೀರಿನೊಳಗೆ ನಡೆಯುವುದು.

ನಮ್ಮ ಕೆರೆಯ ಮುರಲು

ಸೂರ್ಯಮೀನು ನಮ್ಮಲ್ಲಿಲ್ಲ. ಆದರೆ ವಾತ್ಸಲ್ಯದಲ್ಲಿ ಅದಕ್ಕೆ ಏನೂ ಕಡಿಮೆಯಿಲ್ಲದ ಮುರಲುಮೀನು ನಮ್ಮ ಕೆರೆಕಟ್ಟೆಗಳಲ್ಲಿದೆ. ಇದರಲ್ಲಿ ಹಲವು ಬಗೆ. ಗದ್ದೆಗೂ ಹೂಳುಕೆರೆಗೂ ಒಗ್ಗಿದ ಕುಚ್ಚಿನ ಮುರಲು ಒಂದು. ಹೊಳೆಯ ಮಡುಗಳಲ್ಲಿಯೂ ದೊಡ್ಡ ಜಲಾಶಯಗಳಲ್ಲಿಯೂ ಗಜವನ್ನು ಮೀರಿ ಬೆಳೆಯುವ, ಬಾಲದ ಬುಡದಲ್ಲಿ ಕಣ್ಣಿನಂತಹ ಬೊಟ್ಟುಳ್ಳ ಹೂವಿನ ಮುರಲು ಒಂದು. ತೊರೆಯ ಕಲ್ಲಿನ ಸಂದಿಗಳಲ್ಲಿ ವಾಸಿಸುವ ಗೇಣುದ್ದದ ಚಿಕ್ಕ ಜಾತಿಗಳು ಬೇರೆ. ಎಲ್ಲಕ್ಕೂ ತಲೆಯು ಹಾವಿನ ತಲೆಯಂತಿರುವುದರಿಂದ ಹಿಂದೆ ಇವುಗಳ ಗಣಕ್ಕೆ ‘ಸರ್ಪಶೀರ್ಷ’ ಎಂಬರ್ಥದ ಒಫಿಯೋಸೆಫಾಲಸ್ ಎಂಬ ಹೆಸರಿದ್ದಿತು. 1793ರ ಆ ಹೆಸರಿಗಿಂತ 1777ರಲ್ಲಿ ಇಟ್ಟ ಚನ್ನ ಎಂಬ ಹೆಸರು ಹಳೆಯದಾದುದರಿಂದ, ಹಿರಿಯದೇ ಊರ್ಜಿತವೆಂಬ ನಿಯಮದಂತೆ ಈಗ ಚನ್ನ ಎಂದೇ ಕರೆಯುವರು.

ಮುರಲಿನ ಕಿವಿರುಗಳ ಮೇಲ್ಗಡೆ ಗಾಳಿಯನ್ನು ಹಿಡಿದಿಡುವ ಒಂದು ಗೂಡುಂಟು. ಅದು ಆಗಾಗ ನೀರಿನ ಮೇಲಕ್ಕೆ ಬಂದು ಗಾಳಿಯನ್ನು ನುಂಗುವುದು; ಮೇಲಕ್ಕೆ ಬರದಂತೆ ತಡೆದರೆ ನೀರಿನಲ್ಲಿದ್ದೂ ಉಸಿರುಕಟ್ಟಿ ಸಾಯುವುದು. ಬೇಸಿಗೆಯಲ್ಲಿ ಕೆರೆ ಬತ್ತಿದರೆ ಕೆಸರಿನಲ್ಲಿ ಹುದುಗಿಕೊಂಡು ಮಳೆಗಾಗಿ ಕಾಯುವುದು. ಬತ್ತಿದ ಕೆರೆಯಲ್ಲಿ ಮೊದಲ ಮಳೆಯ ಮರುದಿನವೇ ಮೀನು ಕಾಣಿಸಿಕೊಂಡರೆ ಆಕಾಶದಿಂದ ಬಿದ್ದಿತೆಂದು ಹಳ್ಳಿಗರು ಹೇಳುವುದುಂಟು. ಅದು ಬಿದ್ದುದು ಆಕಾಶದಿಂದಲ್ಲ, ಎದ್ದುದು ಕೆಸರಿನಿಂದ.

ಮಳೆಗಾಲ ಬಂದಿತೆಂದರೆ ಕುಚ್ಚಿನ ಮುರಲಿನ ದಂಪತಿಗಳು ದಡದ ಜೊಂಡಿನ ನಡುವೆ ಒಂದು ತಾಣವನ್ನು ಆರಿಸಿ, ಅಲ್ಲಿಯ ಪಾಚಿಯನ್ನೂ ಎಳೆಗಳನ್ನೂ ಕಚ್ಚಿ ಕಿತ್ತು, ಬಟ್ಟಲಗಲದ ತಿಳಿನೀರನ್ನು ಮಾಡಿಕೊಳ್ಳುವುವು. ಮೊಟ್ಟೆಗಳಲ್ಲಿ ಎಣ್ಣೆಯ ಬಿಂದುವಿರುವುದರಿಂದ ಅವು ಹಳದಿಯ ಮಣಿಗಳಂತೆ ತೇಲುತ್ತಿರುವುವು. ಒಂದೆರಡು ದಿನಗಳಲ್ಲಿ ಮರಿಯಾಗುವುದು. ಮರಿಗಳಿಗೆ ಕೆಂಡದಂತಹ ಕೆಂಬಣ್ಣ. ಸಾವಿರಾರು ಮರಿಗಳು ಒಂದು ಚೆಂಡಿನಂತೆ ಕೂಡಿಕೊಂಡು, ಉಸಿರಿಗಾಗಿ ಒಟ್ಟಿಗೆ ಮೇಲೇಳುವಾಗ ನೀರು ಕುದಿಯುತ್ತಿರುವುದೋ ಎಂಬಂತೆ ಕಾಣುವುದು. ಅದರ ಅಡಿಯಲ್ಲಿಯೇ, ಕಪ್ಪು ನೆರಳಿನಂತೆ, ತಂದೆತಾಯಿಗಳು ಕಾವಲಿರುವುವು. ಕಪ್ಪೆ, ನೀರುಹಾವು, ಬೇರೆ ಮೀನು ಯಾವುದು ಬಂದರೂ ಅವುಗಳ ಹಲ್ಲಿಗೆ ಗುರಿ; ನೀರಿಗಿಳಿದ ಮನುಷ್ಯನ ಕಾಲಿಗೂ ಹಾಯುವುವೆಂದು ಬೆಸ್ತರು ಹೇಳುವರು. ಹೀಗೆ ಕೆಲವು ವಾರ ಕಾಯ್ದು, ಮರಿಗಳು ತಾವೇ ಬೇಟೆಯಾಡಬಲ್ಲವಾದ ಮೇಲೆ ಬಿಟ್ಟುಹೋಗುವುವು. ಚಿಕ್ಕ ಜಾತಿಯ ಗಾಚುವ ಮುರಲಿನಲ್ಲಿ ತಂದೆಯು ಮೊಟ್ಟೆಗಳನ್ನು ಬಾಯಿಯೊಳಗಿಟ್ಟುಕೊಂಡೇ ಕಾಪಾಡುವುದು.

ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ‘ಪೋತಾಧಾನ’ ಎಂಬ ಶಬ್ದವು ನೆನಪಿರಬಹುದು. ಮೊಟ್ಟೆಯೊಡೆದು ಬಂದ ಸಣ್ಣ ಮೀನುಗಳ ಗುಂಪು ಎಂದು ಅದರ ಅರ್ಥ. ನಾವು ವಿದ್ಯಾರ್ಥಿದೆಸೆಯಲ್ಲಿ ಅದನ್ನು ಬರಿಯ ಶಬ್ದವಾಗಿ ಕಲಿತೆವು. ಅದರ ಅರ್ಥವು ಕಣ್ಣಿಗೆ ಬಿದ್ದುದು ಹುಣಸೂರಿನ ಕಡೆಯ ಒಂದು ಕೆರೆಯ ಏರಿಯ ಮೇಲೆ, ಬೆಸ್ತರ ಹುಡುಗನೊಬ್ಬನು ಬೆರಳು ಮಾಡಿ ತೋರಿಸಿದಾಗ.

ಜಿಲೇಬಿ ಮೀನು ಮತ್ತು ಅದರ ನೆಂಟರು

ಆಕಾರದಲ್ಲಿ ಸೂರ್ಯಮೀನನ್ನು ಹೋಲುವುದು ಮುರಲಲ್ಲ, ಸಂತೆಯಲ್ಲಿ ಅಗ್ಗವಾಗಿ ದೊರೆಯುವ ಜಿಲೇಬಿ ಮೀನು. ತಿಲಾಪಿಯ ಎಂದು ಇದರ ಮತ್ತೊಂದು ಹೆಸರು. ಇದರ ತವರು ಆಫ್ರಿಕ ಖಂಡದ ಆಗ್ನೇಯ ಭಾಗ. ಇದು ನಮ್ಮ ದೇಶಕ್ಕೆ ಬಂದುದು 1952ರಲ್ಲಿ. ಗಂಡು ತಳದಲ್ಲಿ ಗುಳಿಯನ್ನು ತೋಡುವವರೆಗೆ ಎಲ್ಲವೂ ಸೂರ್ಯಮೀನಿನಂತೆಯೇ. ಅನಂತರ ದಾರಿ ಬೇರೆ. ಹೆಣ್ಣು ಮೊಟ್ಟೆಗಳನ್ನು ಗುಳಿಯಲ್ಲಿಟ್ಟು, ಒಡನೆಯೇ ಅವನ್ನೆಲ್ಲ ಬಾಯಿಗೆ ತುಂಬಿಕೊಂಡು ಹೊರಟುಹೋಗುವುದು. ಮರಿಯಾದ ಮೇಲೆಯೂ ಕೆಲವು ದಿನಗಳವರೆಗೆ ತಾಯಿಯ ಬಾಯಿಯೇ ಅವುಗಳಿಗೆ ಮನೆ. ಹೊರಗೆ ಆಡುತ್ತಿರುವಾಗ ಅಪಾಯದ ಸುಳಿವು ಕಂಡರೆ ಮರಿಗಳು ಓಡಿಬಂದು ತಾಯಿಯ ಬಾಯಿಯೊಳಗೆ ಸೇರಿಕೊಳ್ಳುವುವು. ಈ ಕಾಲದಲ್ಲಿ ತಾಯಿಯು ಬಹುಮಟ್ಟಿಗೆ ಉಪವಾಸವಿರುವುದು.

ಈ ಮೀನಿನ ಕುಲಕ್ಕೆ ಸೇರಿದ ಸ್ವದೇಶೀಯರೂ ಉಂಟು. ಕರಾವಳಿಯಲ್ಲಿ ಕರಿಮೀನೆಂದು ಹೆಸರಾದುದು ಒಂದು. ಅಂಗೈಗಿಂತ ಚಿಕ್ಕದಾದ ಹೊಂಬಣ್ಣದ ಜಾತಿ ಇನ್ನೊಂದು. ದಕ್ಷಿಣ ಕನ್ನಡದ ನೇತ್ರಾವತೀ ಕುಮಾರಧಾರೆಗಳಲ್ಲಿ ಮಾತ್ರವೇ ಹೆಸರಾಗಿರುವ, ಕನ್ನಡನಾಡಿನ ಹೆಸರನ್ನೇ ಹೊತ್ತ ಎಟ್ರೋಪ್ಲಸ್ ಕೆನರೆನ್ಸಿಸ್ ಮೂರನೆಯದು. ಹೊಂಬಣ್ಣದ ಜಾತಿಯಲ್ಲಿ ಗಂಡುಹೆಣ್ಣುಗಳೆರಡೂ ಕೂಡಿ ಸಂಸಾರ ಮಾಡುವುವು. ಮರಿಗಳು ತಂದೆತಾಯಿಗಳ ಮೈಮೇಲಿನ ಲೋಳೆಯನ್ನೇ ಮೇದು ಬೆಳೆಯುವುವು. ಹಾಲಿಲ್ಲದ ಪ್ರಾಣಿಯಲ್ಲಿಯೂ ಹಾಲೂಡುವ ಧರ್ಮವು ಇಣಿಕಿ ನೋಡುವುದೆಂದರೆ ವಿಸ್ಮಯವಲ್ಲವೇ? ಇವುಗಳ ಅತಿಸಮೀಪದ ಜ್ಞಾತಿಗಳಿರುವುದು ಹಿಂದೂಮಹಾಸಾಗರದ ಆಚೆಯ ಮಡಗಾಸ್ಕರ್ ದ್ವೀಪದಲ್ಲಿ.

ಸೂರ್ಯಮೀನಿಗೂ ಈ ಕುಲಕ್ಕೂ ಇರುವ ಭೇದವನ್ನು ತಿಳಿಯುವುದು ಸುಲಭ. ಸಾಮಾನ್ಯವಾಗಿ ಮೀನಿನ ಮೂತಿಯ ಒಂದೊಂದು ಪಕ್ಕಕ್ಕೂ ಎರಡೆರಡು ಮೂಗಿನ ರಂಧ್ರಗಳಿರುವುವು, ಸೂರ್ಯಮೀನಿಗೂ ಹಾಗೆಯೇ. ಜಿಲೇಬಿ ಮೀನಿಗಾದರೋ ಪಕ್ಕಕ್ಕೆ ಒಂದೇ ರಂಧ್ರ. ಅಲ್ಲದೆ ಮೀನಿನ ಮಗ್ಗುಲುದ್ದಕ್ಕೂ ಹರಿಯುವ, ನೀರಿನ ಅಲುಗಾಟವನ್ನು ಅರಿಯುವ ರೇಖೆಯು ಸೂರ್ಯಮೀನಿನಲ್ಲಿ ಅಖಂಡವಾಗಿಯೂ, ಇದರಲ್ಲಿ ನಡುವೆ ತುಂಡಾಗಿಯೂ ಇರುವುದು. ಮನೆಗೆ ಮೀನು ತರುವ ಗೃಹಸ್ಥರು ಅಡಿಗೆಗೆ ಮೊದಲು ಇದನ್ನು ಮಕ್ಕಳಿಗೆ ತೋರಿಸಬಹುದು. ಅದಕ್ಕಿಂತ ಅಗ್ಗದ ಪಾಠವು ಯಾವ ಶಾಲೆಯಲ್ಲಿಯೂ ದೊರೆಯಲಾರದು.

ವರ್ಗೀಕರಣದ ವಿಚಾರ

ಮೀನುಗಳನ್ನು ವಿಂಗಡಿಸುವ ಕೆಲಸವು ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವಿದೆ. ಅಲ್ಲಿ ಮೀನುಗಳನ್ನು ಕಡಲಿನವು ಹೊಳೆಯವು ಎಂದೂ, ಹುರುಪೆಯುಳ್ಳವು ಬರಿಯ ಚರ್ಮವುಳ್ಳವು ಎಂದೂ ವಿಭಾಗಿಸಿ, ಯಾವುದಕ್ಕೆ ಯಾವ ಎರೆಯನ್ನು ಒಡ್ಡಬೇಕೆಂಬುದನ್ನೂ ವಿವರಿಸಲಾಗಿದೆ. ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ವಿಚಾರಮಾಡಿ ವಿದ್ವಾಂಸರ ಗಮನಕ್ಕೆ ತಂದರು.

ನವೀನ ಪದ್ಧತಿಯು 1758ರಲ್ಲಿ ಸ್ವೀಡನ್ ದೇಶದ ಲಿನೇಯಸ್ ಪಂಡಿತನಿಂದ ನೆಲೆಗೊಂಡಿತು. ದಕ್ಷಿಣದೇಶದ ಸಿಹಿನೀರಿನ ಮೀನುಗಳ ವಿಷಯವಾಗಿ ಜರ್ಡನ್ ಎಂಬ ವೈದ್ಯನು 1849ರಲ್ಲಿ ಬರೆದನು. ಇಂದು ಕರ್ನಾಟಕದ ರಾಜ್ಯಮೀನೆನಿಸಿರುವ ಕರ್ನಾಟಕ ಗೆಂಡೆಗೆ ಶಾಸ್ತ್ರೀಯ ನಾಮವನ್ನಿಟ್ಟವನು ಆತನೇ. ಫ್ರಾನ್ಸಿಸ್ ಡೇ ಎಂಬವನ ಬೃಹದ್ಗ್ರಂಥವು 1875ರಿಂದ 1878ರವರೆಗೆ ಸಂಪುಟ ಸಂಪುಟವಾಗಿ ಹೊರಬಂದಿತು. ನಮ್ಮವರೇ ಆದ ಭೀಮಾಚಾರ್ ಮತ್ತು ಸುಬ್ಬರಾವ್ ಅವರು 1941ರಲ್ಲಿ ಮೈಸೂರು ಸಂಸ್ಥಾನದ ಮೀನುಗಳನ್ನು ಕುರಿತು, ಕಡೂರು ಜಿಲ್ಲೆಯಿಂದ ಮೊದಲುಮಾಡಿ, ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯಲ್ಲಿ ಪ್ರಕಟಿಸಿದರು.

ಹಿಂದಿನವರು ಮುಳ್ಳುರೆಕ್ಕೆಯುಳ್ಳ ಈ ಮೀನುಗಳಲ್ಲಿ ಬಹುಪಾಲನ್ನು ಒಂದೇ ದೊಡ್ಡ ವರ್ಗಕ್ಕೆ ತುಂಬಿದ್ದರು. ಅದು ಅಜ್ಜಿಯ ಪೆಟ್ಟಿಗೆಯಂತಾಗಿತ್ತು. ಬೇರೆ ಕಡೆ ಇಡಲು ಸ್ಥಳವಿಲ್ಲದುದೆಲ್ಲವೂ ಅದರೊಳಗೆ. ಈಚಿನ ವರ್ಷಗಳಲ್ಲಿ ಜೀವಕೋಶಗಳೊಳಗಿನ ಡಿಎನ್‌ಎ ಎಂಬ ವಂಶಲಿಪಿಯನ್ನು ಓದಿ ಪೆಟ್ಟಿಗೆಯನ್ನು ಬಿಡಿಸಲಾಗಿದೆ. ಅದರಂತೆ ಸೂರ್ಯಮೀನುಗಳದು ಒಂದು ವರ್ಗ. ಜಿಲೇಬಿ ಮೀನು ಕರಿಮೀನುಗಳದು ಇನ್ನೊಂದು. ಮುರಲು, ಮರಹತ್ತುವುದೆಂದು ಹೆಸರಾದ ಅನಾಬಸ್ ಇವುಗಳದು ಮತ್ತೊಂದು. ಹಾಗಾದರೆ ಸೂರ್ಯಮೀನಿಗೂ ಜಿಲೇಬಿ ಮೀನಿಗೂ ರೂಪ ಹೇಗೆ ಹೋಲಿತು? ನಿಂತ ನೀರು, ಜೊಂಡಿನ ಸಂದು, ದಡದ ಗುಳಿ, ಕಾವಲಿನ ಕೆಲಸ ಇವೆಲ್ಲ ಸಮಾನವಾದುದರಿಂದ ಮೈಯೂ ಸಮಾನವಾಯಿತು. ಕಸುಬು ಒಂದಾದರೆ ಕೈಯ ಬೊಬ್ಬೆಗಳೂ ಒಂದೇ ತೆರನಾಗುವಂತೆ.

ನಡತೆಯಿಂದಲೂ ಕುಲವನ್ನು ನಿರ್ಣಯಿಸಬಹುದೆಂಬುದಕ್ಕೆ ತಿಲಾಪಿಯವೇ ಸಾಕ್ಷಿ. ಆಂಗ್ಲ ವಿದುಷಿ ಎಥೆಲ್ವಿನ್ ಟ್ರೆವಾವಸ್ ಅವರು 1983ರ ತಮ್ಮ ಗ್ರಂಥದಲ್ಲಿ, ನೆಲದ ಮೇಲೆಯೇ ಮೊಟ್ಟೆಯನ್ನು ಕಾಯುವವನ್ನು ತಿಲಾಪಿಯವೆಂದೂ, ಗಂಡು ಅಥವಾ ಇಬ್ಬರೂ ಬಾಯಿಯಲ್ಲಿಟ್ಟು ಕಾಯುವವನ್ನು ಸಾರೊಥೆರೋಡಾನ್ ಎಂದೂ, ಹೆಣ್ಣು ಮಾತ್ರ ಬಾಯಿಯಲ್ಲಿ ಕಾಯುವವನ್ನು ಓರಿಯೋಕ್ರೋಮಿಸ್ ಎಂದೂ ಬೇರ್ಪಡಿಸಿದರು. ನಮ್ಮ ಸಂತೆಯ ಜಿಲೇಬಿಯು ಈ ಕಡೆಯ ಪಂಗಡಕ್ಕೆ ಸೇರಿದುದು.

ಹಿತವೆಂದು ಮಾಡಿದ್ದು ಅಹಿತವಾದ ಬಗೆ

ಇನ್ನು ಮುಖ್ಯವಾದ ಮಾತು. ಮರಿ ಕಾಯುವ ಗುಣವು ಮೀನಿಗೆ ಬಲವೂ ಹೌದು, ದೌರ್ಬಲ್ಯವೂ ಹೌದು.

ಅದು ಬಲವಾಗುವುದು ಪರದೇಶದಲ್ಲಿ. 1960ರಲ್ಲಿ ಜಪಾನಿನ ಯುವರಾಜ ಅಕಿಹಿತೋ ಅವರು ಅಮೆರಿಕಕ್ಕೆ ಹೋಗಿದ್ದಾಗ ಷಿಕಾಗೋ ನಗರಾಧ್ಯಕ್ಷನು ನೀಲಿಕಿವಿರಿನ ಸೂರ್ಯಮೀನುಗಳನ್ನು ಕಾಣಿಕೆಯಾಗಿ ಕೊಟ್ಟನು. ಆಹಾರಕ್ಕೆ ಒದಗಲೆಂದು ಅವನ್ನು ಸಾಕಲು ಕೊಟ್ಟುದಾಯಿತು. ಅವು ಅಲ್ಲಿಯ ಸರೋವರಗಳಿಗೆ ಹಬ್ಬಿ ದೇಶೀಯ ಮೀನುಗಳನ್ನು ಕಾಡಿದುವು. ಸ್ವತಃ ಮತ್ಸ್ಯಶಾಸ್ತ್ರಜ್ಞರಾದ ಅವರು ಚಕ್ರವರ್ತಿಯಾದ ಮೇಲೆ 2007ರಲ್ಲಿ ಬಹಿರಂಗವಾಗಿಯೇ ಈ ವಿಷಯದಲ್ಲಿ ವ್ಯಥೆಯನ್ನು ವ್ಯಕ್ತಪಡಿಸಿದರು. ನಮ್ಮಲ್ಲಿ ಜಿಲೇಬಿ ಮೀನು ಮಾಡಿದುದೂ ಇದನ್ನೇ. ಬಾಯಿಯಲ್ಲಿಯೇ ಮರಿಗಳನ್ನು ಕಾಯುವುದರಿಂದ ಅದರ ಸಂತಾನಕ್ಕೆ ನಷ್ಟ ಕಡಿಮೆ. ಕೆಲವೇ ತಿಂಗಳ ವಯಸ್ಸಿಗೆ ಅದು ಮತ್ತೆ ಮರಿಮಾಡುವುದು. ಕೆರೆ ತುಂಬ ಗಿಡ್ಡ ಜಿಲೇಬಿಗಳೇ ಕಿಕ್ಕಿರಿದು, ಉಳಿದವಕ್ಕೆ ಮೇವೂ ಇಲ್ಲ, ಎಡೆಯೂ ಇಲ್ಲ. ಬಡವರ ಮನೆಯ ಸಾರಿಗೆ ಅದು ಒದಗುವುದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಲಾಭವನ್ನು ಬರೆದ ಪುಟದಲ್ಲಿ ನಷ್ಟವನ್ನೂ ಬರೆಯಬೇಕಷ್ಟೆ.

ಸದುದ್ದೇಶವೊಂದೇ ಸಾಲದೆಂಬುದಕ್ಕೆ ಕಾವೇರಿಯ ಮಹಶೀರ್ ಮೀನೂ ನಿದರ್ಶನ. ಡೆವೆಟ್ ವ್ಯಾನ್ ಇಂಗನ್ ಎಂಬ ಮೈಸೂರಿನ ಬೇಟೆಗಾರನು 1946ರಲ್ಲಿ ಕಪಿಲೆಯಲ್ಲಿ 120 ಪೌಂಡ್ ತೂಕದ ಮಹಶೀರನ್ನು ಗಾಳದಿಂದ ಹಿಡಿದನು. ಅಂತಹ ಗೂನುಬೆನ್ನಿನ ಮಹಶೀರ್ ಕಾವೇರೀ ಜಲಾನಯನದ ಸೊತ್ತು. ಹೊಳೆಯ ಮೀನು ಕ್ಷೀಣಿಸಿತೆಂದು, ಬೇರೆ ಜಾತಿಯ ನೀಲಿರೆಕ್ಕೆಯ ಮಹಶೀರ್ ಮರಿಗಳನ್ನು 1970ರ ದಶಕದಿಂದ ಈಚೆಗೆ ತಂದು ಬಿಟ್ಟರು. ತಂದವು ಹೆಚ್ಚಿದುವು, ಮನೆಯವು ಕ್ಷೀಣಿಸಿದುವು. ಗೂನುಬೆನ್ನಿನದಕ್ಕೆ ಟೋರ್ ರೆಮದೇವಿ ಎಂಬ ನಾಮವು ಸಲ್ಲುವುದೆಂದು ನಿರ್ಣಯವಾದುದು 2018ರಲ್ಲಿ. ಅದೇ ವರ್ಷ ಅದನ್ನು ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಬೇಕಾಯಿತು. ಸರಿಯಾದ ಹೆಸರು ದೊರೆಯುವ ಹೊತ್ತಿಗೆ ಮೀನೇ ಇಲ್ಲವಾಗುತ್ತಿದ್ದಿತು. ವರ್ಗೀಕರಣವು ಪಂಡಿತರ ಕಾಲಕ್ಷೇಪವೆಂದು ನಗುವವರು ಇದನ್ನು ಯೋಚಿಸಬೇಕು.

ಮರಿ ಕಾಯುವ ಗುಣವು ದೌರ್ಬಲ್ಯವಾಗುವುದು ಮುರಲಿಗೆ. ಬೇರೆ ಕಾಲದಲ್ಲಿ ಕೈಗೆ ಸಿಕ್ಕದ ಈ ಚತುರ ಮೀನು, ಮರಿಗಳಿರುವಾಗ ಅವನ್ನು ಬಿಟ್ಟು ಕದಲದು. ಕೆಂಪು ಮರಿಗಳ ಗುಂಪು ಮೇಲೆದ್ದ ಕಡೆಯಲ್ಲಿ ಈಟಿ ಹಾಕಿದರೆ ಅಥವಾ ಗಾಳವನ್ನು ಇಳಿಬಿಟ್ಟರೆ ತಂದೆಯೋ ತಾಯಿಯೋ ಬಲಿಯಾಗುವುದು ನಿಶ್ಚಯ. ಹಿಡಿದವನ ಲೆಕ್ಕದಲ್ಲಿ ಒಂದು ಮೀನು. ಕೆರೆಯ ಲೆಕ್ಕದಲ್ಲಿ ಸಾವಿರ. ಕಾವಲಿಲ್ಲದ ಮರಿಗಳು ಸಂಜೆಯೊಳಗೆ ಕೊಕ್ಕರೆಗೂ ಕಪ್ಪೆಗೂ ಹಂಚಿಹೋಗುವುವು. ಬೆಸ್ತರಲ್ಲಿ ಹಿರಿಯರಾದ ಕೆಲವರು ಮರಿಗಳ ಮೇಲಿನ ಮುರಲನ್ನು ಮುಟ್ಟಬಾರದೆಂದು ನಮ್ಮೊಡನೆ ಹೇಳಿದ್ದುಂಟು. ಶಾಸನದ ಭಯಕ್ಕಿಂತ ಇಂತಹ ಮಾತೇ ಕೆರೆಯನ್ನು ಹೆಚ್ಚು ಕಾಪಾಡಬಲ್ಲುದು.

ಗೃಹಸ್ಥರು ಮಾಡಬಹುದಾದುದು

ಇದಕ್ಕೆ ದೊಡ್ಡ ಉಪಾಯಗಳೇನೂ ಬೇಕಾಗಿಲ್ಲ. ಮೀನು ತಿನ್ನುವ ಮನೆಗಳವರು ಮಳೆಗಾಲದ ಮೊದಲ ತಿಂಗಳುಗಳಲ್ಲಿ ನಾಡಮುರಲನ್ನು ಕೊಳ್ಳದೆ, ಸಾಕಿದ ಗೆಂಡೆಯನ್ನಾಗಲಿ ಜಿಲೇಬಿಯನ್ನಾಗಲಿ ಕೊಳ್ಳಲಿ. ಕೊಳ್ಳುವವರಿಲ್ಲದಿದ್ದರೆ ಈಟಿಯು ತಾನಾಗಿಯೇ ಅಟ್ಟವೇರುವುದು. ಕೆರೆಯ ಹೂಳೆತ್ತುವಾಗ ಊರಿನವರು ದಡದ ಒಂದು ಮೂಲೆಯ ಜೊಂಡನ್ನಾದರೂ ಉಳಿಸಲಿ. ಬೋಳುಕೆರೆಯಲ್ಲಿ ಮುರಲು ಗೂಡು ಮಾಡಲಾರದು. ಗಾಜಿನ ತೊಟ್ಟಿಯಲ್ಲಿ ಅಂದದ ಮೀನುಗಳನ್ನು ಸಾಕುವವರು ಬೇಸರವಾದಾಗ ಪುಣ್ಯವೆಂದು ಅವನ್ನು ಹೊಳೆಗೆ ಬಿಡದಿರಲಿ. ಅದು ಆ ಮೀನಿಗೆ ಪುಣ್ಯವಾದರೂ ಹೊಳೆಗೆ ಪಾಪ. ಸಮೀಪದ ರಾಮನಾಥಪುರದಲ್ಲಿ ಕಾವೇರಿಯ ಮೀನುಗಳನ್ನು ದೇವರ ಮೀನುಗಳೆಂದು ಯಾರೂ ಹಿಡಿಯದೆ ಬಿಟ್ಟಿರುವರಷ್ಟೆ. ಊರ ಕೆರೆಯ ಒಂದು ಮೂಲೆಗೆ ವರ್ಷದಲ್ಲಿ ಎರಡು ತಿಂಗಳು ಆ ಮರ್ಯಾದೆಯನ್ನು ಸಲ್ಲಿಸಿದರೆ ಯಾರ ಮನೆಯ ಊಟಕ್ಕೂ ಕೊರತೆಯಾಗದು.

ಕಡೆಯದಾಗಿ ಹೆಸರುಗಳ ಮಾತು. ಕುಚ್ಚಿನ ಮುರಲು, ಹೂವಿನ ಮುರಲು, ಬಾಳೆ, ಚೇಳುಮೀನು ಮುಂತಾದ ಕನ್ನಡದ ಹೆಸರುಗಳು ಹಿರಿಯ ಬೆಸ್ತರ ನಾಲಗೆಯ ಮೇಲಿವೆ, ಪುಸ್ತಕಗಳಲ್ಲಿರುವುದು ಅಲ್ಪ. ಒಂದೊಂದು ಹೆಸರಿನಲ್ಲಿಯೂ ಆ ಮೀನಿನ ರೂಪವೋ ನಡತೆಯೋ ಅಡಗಿರುವುದು. ರಜೆಯ ದಿನಗಳಲ್ಲಿ ಮಕ್ಕಳನ್ನು ಕೆರೆಯ ಏರಿಗೆ ಕರೆದೊಯ್ದು, ಅಲ್ಲಿಯ ಹಿರಿಯರಿಂದ ಇವನ್ನು ಕೇಳಿ ಬರೆದುಕೊಳ್ಳುವಂತೆ ಮಾಡುವುದು ಉಚಿತ. ಹೆಸರು ಬಲ್ಲವನಿಗೆ ಮೀನಿನ ಗುರುತುಂಟು. ಗುರುತುಳ್ಳವನಿಗೆ ಅದು ಇಲ್ಲವಾದಾಗ ತಿಳಿಯುವುದು. ತಿಳಿದವರಿರುವ ಊರಿನಲ್ಲಿ ಕೆರೆಯು ಬೇಗನೆ ಬರಿದಾಗದು.